ಲೆವರ್ಕುಸೆನ್‌ನ ಕೊನೆಯ ನಿಮಿಷದ ಗೋಲುಗಳನ್ನು ಮಕ್ಕಳಿಗೆ ಹೇಗೆ ವಿವರಿಸಲಿ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದೇನೆ. ನಮ್ಮ ಕಡೆಯ ಮಕ್ಕಳಿಗೆ ಕಬಡ್ಡಿ, ವಾಲಿಬಾಲ್ ಹೇಳಿಕೊಡಬೇಕಾದ್ದೇ ಇಲ್ಲ; ಫುಟ್‌ಬಾಲ್ ತಂಡ ಕಟ್ಟಿ ಮಾತ್ರ ಇನ್ನೂ ಮೂರು ವರ್ಷ. ಈ ಸಲ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಒಂದು ಗೋಲಿನಿಂದ ಮುಂದಿದ್ದ ನಮ್ಮ ಹುಡುಗರು ಕೊನೆಯ ನಾಲ್ಕು ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಸೋತರು. ಹಿಂದಿನ ರಾತ್ರಿಯ ಮಳೆಗೆ ಗೋಲಿನ ಮುಂದಿನ ಕೆಂಪು ಮಣ್ಣು ಕಲಸಿಟ್ಟ ಹಿಟ್ಟಿನಂತಾಗಿತ್ತು. ಚೆಂಡು ಅದರಲ್ಲಿ ಹೂತು ನಿಂತಿತು. ನಮ್ಮ ಮೂವರೂ ಪಕ್ಕದವನು ಒದೆಯುತ್ತಾನೆಂದು ನೋಡುತ್ತ ನಿಂತರು. ಎದುರು ತಂಡದ ಹುಡುಗ ಓಡಿ ಬಂದು ಒದ್ದ. ವ್ಯಾನಿನಲ್ಲಿ ಹಿಂತಿರುಗುವಾಗ ನಮ್ಮ ನಾಯಕ, ‘ಅವರ ಅದೃಷ್ಟ ಚೆನ್ನಾಗಿತ್ತು ಸರ್’ ಎಂದ. ಅಂದಿನಿಂದ ಆ ಮಾತು ನನ್ನ ತಲೆಯಲ್ಲಿ ಕೂತಿದೆ.

ಏಕೆಂದರೆ ಇದೇ ಮಾತನ್ನು 2023-24ರ ಋತುವಿನಲ್ಲಿ ಜರ್ಮನಿಯ ಬೇಯರ್ ಲೆವರ್ಕುಸೆನ್ ಕ್ಲಬ್ಬಿನ ಬಗ್ಗೆ ವಾರ ವಾರವೂ ಕೇಳಿದ್ದೆ. ಆ ವರ್ಷ ಈ ತಂಡದ ಬಹುಪಾಲು ಪಂದ್ಯಗಳನ್ನು ಮೊಬೈಲಿನಲ್ಲಿ ನೋಡಿದವನು ನಾನು. ಶನಿವಾರದ ಲೀಗ್ ಪಂದ್ಯಗಳು ನಮಗೆ ರಾತ್ರಿಯೂಟದ ಹೊತ್ತಿಗೆ ಸಿಗುತ್ತಿದ್ದವು. ಯುರೋಪಿನ ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಆಡುವ ಯುರೋಪಾ ಲೀಗ್‌ನ ಗುರುವಾರದ ಪಂದ್ಯಗಳಿಗೆ ಹಲವು ಸಲ ನಡುರಾತ್ರಿ ದಾಟುವವರೆಗೆ ಎಚ್ಚರವಾಗಿರಬೇಕಿತ್ತು.

ಆ ಋತುವನ್ನು ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲಿಗಾದ 34 ಪಂದ್ಯಗಳಲ್ಲಿ ಅವರು 28 ಗೆದ್ದರು, 6 ಡ್ರಾ ಮಾಡಿಕೊಂಡರು, ಒಂದನ್ನೂ ಸೋಲಲಿಲ್ಲ. 90 ಅಂಕ, ಹೊಡೆದ ಗೋಲು 89, ಬಿಟ್ಟುಕೊಟ್ಟದ್ದು 24. ಬುಂಡೆಸ್‌ಲಿಗಾದ ಚರಿತ್ರೆಯಲ್ಲಿ ಇಡೀ ಋತುವನ್ನು ಸೋಲಿಲ್ಲದೆ ಮುಗಿಸಿದ ಮೊದಲ ತಂಡ ಅದು, ಮತ್ತು ಅದು ಆ ಕ್ಲಬ್ಬಿನ ಮೊದಲ ಲೀಗ್ ಪ್ರಶಸ್ತಿಯೂ ಆಗಿತ್ತು. ಸತತ 11 ವರ್ಷ ಲೀಗ್ ಗೆದ್ದಿದ್ದ ಬಯರ್ನ್ ಮ್ಯೂನಿಕ್ ಮೂರನೆಯ ಸ್ಥಾನಕ್ಕಿಳಿಯಿತು. ಅದರ ಜೊತೆಗೆ ಜರ್ಮನ್ ಕಪ್ ಕೂಡ ಅವರದಾಯಿತು. ಮೂರು ಸ್ಪರ್ಧೆಗಳ 53 ಪಂದ್ಯಗಳಲ್ಲಿ ಅವರು ಸೋತದ್ದು ಒಂದೇ ಒಂದು: 2024ರ ಮೇ 22ರಂದು ಡಬ್ಲಿನ್‌ನಲ್ಲಿ ನಡೆದ ಯುರೋಪಾ ಲೀಗ್ ಫೈನಲ್, ಇಟಲಿಯ ಅಟಲಾಂಟಾ ಎದುರು 0-3.

ಇನ್ನು ಆ ಕೊನೆಯ ನಿಮಿಷಗಳ ವಿಷಯ. ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲೇ ಬಯರ್ನ್ ವಿರುದ್ಧ ಪಲಾಸಿಯೊಸ್ ಹೊಡೆದ ಪೆನಾಲ್ಟಿಯಿಂದ 2-2 ಆದದ್ದು 94ನೇ ನಿಮಿಷದಲ್ಲಿ, ಅಂದರೆ 90 ನಿಮಿಷದ ಆಟ ಮುಗಿದ ಮೇಲೆ ರೆಫರಿ ಸೇರಿಸಿದ ಸಮಯದಲ್ಲಿ. ಜನವರಿಯಲ್ಲಿ ಔಗ್ಸ್‌ಬರ್ಗ್ ಮತ್ತು ಲೈಪ್ಜಿಗ್ ವಿರುದ್ಧದ ಗೆಲುವುಗಳೂ ಹೆಚ್ಚುವರಿ ನಿಮಿಷಗಳಲ್ಲೇ ಬಂದವು. ಫೆಬ್ರುವರಿಯ ಕಪ್ ಪಂದ್ಯದಲ್ಲಿ ಸ್ಟುಟ್‌ಗಾರ್ಟ್ ವಿರುದ್ಧ ಯೊನಾಥನ್ ಟಾ 90ನೇ ನಿಮಿಷದಲ್ಲಿ ತಲೆಯಿಂದ ಹೊಡೆದು 3-2 ಮಾಡಿದರು. ಮಾರ್ಚ್‌ನಲ್ಲಿ ಅಜರ್‌ಬೈಜಾನಿನ ಕರಬಾಗ್ ತಂಡ ಲೆವರ್ಕುಸೆನ್‌ನ ಮೈದಾನದಲ್ಲೇ 2-0 ಮುಂದಿತ್ತು. ಫ್ರಿಂಪಾಂಗ್ ಒಂದು ಗೋಲು ತೀರಿಸಿದ ಮೇಲೆ ಪ್ಯಾಟ್ರಿಕ್ ಶಿಕ್ 93 ಮತ್ತು 97ನೇ ನಿಮಿಷಗಳಲ್ಲಿ ಎರಡು ಹೊಡೆದು 3-2 ಮಾಡಿದರು. ಏಪ್ರಿಲ್‌ನಲ್ಲಿ ಡಾರ್ಟ್‌ಮಂಡ್ ವಿರುದ್ಧ 97ನೇ ನಿಮಿಷ, ಅದರ ಮುಂದಿನ ವಾರ ಸ್ಟುಟ್‌ಗಾರ್ಟ್ ವಿರುದ್ಧ 96ನೇ ನಿಮಿಷ. ಮೇ 9ರ ಯುರೋಪಾ ಲೀಗ್ ಸೆಮಿಫೈನಲ್‌ನ ಎರಡನೇ ಸುತ್ತು ನನಗೆ ಮರೆಯುವಂಥದ್ದಲ್ಲ. ಅಂದು ಬೆಳಿಗ್ಗೆಯಷ್ಟೇ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿತ್ತು, ಎರಡು ದಿನದ ಹಿಂದೆ ಶಿವಮೊಗ್ಗ ಕ್ಷೇತ್ರದ ಮತದಾನದ ಕರ್ತವ್ಯ ಮುಗಿಸಿ ಬಂದಿದ್ದೆ, ಕಣ್ಣು ಎಳೆಯುತ್ತಿತ್ತು. ರೋಮಾ ತಂಡ ಎರಡು ಪೆನಾಲ್ಟಿಗಳಿಂದ 2-0 ಮುಂದಾದಾಗ ಮೊಬೈಲ್ ಮಗುಚಿ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ 2-2! ಸ್ಟಾನಿಶಿಚ್ 97ನೇ ನಿಮಿಷದಲ್ಲಿ ಹೊಡೆದಿದ್ದರು.

ಒಂದೆರಡು ಸಲವಾದರೆ ಅದೃಷ್ಟ ಎನ್ನಬಹುದು, ಇಷ್ಟು ಸಲ ಆದದ್ದನ್ನು ಏನೆನ್ನಬೇಕು? ಇದು ಅಭ್ಯಾಸದ ಫಲವಾದರೆ, ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳಿಗೆ ಅದನ್ನು ಹೇಗೆ ಬಿಡಿಸಿ ಹೇಳಬೇಕು? ಅಭ್ಯಾಸವೇ ಆಗಿದ್ದರೆ ಡಬ್ಲಿನ್‌ನಲ್ಲಿ ಅದು ಏಕೆ ಕೈಕೊಟ್ಟಿತು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಹಳೇ ಕ್ವಾರ್ಟರ್ಸ್, ಭದ್ರಾವತಿ

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲಾಗಲಿಲ್ಲ. ನಮ್ಮ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು, ನಾನು ಕಾರ್ಖಾನೆಯ ಸೈರನ್ ಕೇಳಿಕೊಂಡೇ ಬೆಳೆದವನು. ಲೆವರ್ಕುಸೆನ್ ತಂಡದ ಮೇಲೆ ನನಗೆ ಪ್ರೀತಿ ಹುಟ್ಟಿದ್ದೂ ಅದೇ ಕಾರಣಕ್ಕೆ. ಅದು 1904ರಲ್ಲಿ ಬೇಯರ್ ಕಂಪನಿಯ ಕಾರ್ಮಿಕರು ಕಟ್ಟಿಕೊಂಡ ತಂಡ. ಆ ಊರಿಗೆ ಹೆಸರು ಬಂದದ್ದೇ ಅಲ್ಲಿ ಬಣ್ಣದ ಕಾರ್ಖಾನೆ ಹಾಕಿದ್ದ ಕಾರ್ಲ್ ಲೆವರ್ಕುಸ್ ಎಂಬವರಿಂದ. ಇಂದಿಗೂ ಜರ್ಮನ್ನರು ಆ ತಂಡವನ್ನು ‘ವೆರ್ಕ್ಸ್‌ಎಲ್ಫ್’ ಎನ್ನುತ್ತಾರೆ, ಅಂದರೆ ಕಾರ್ಖಾನೆಯ ಹನ್ನೊಂದು ಮಂದಿ. ನಮ್ಮ ಊರೂ ಹೀಗೆಯೇ ಒಂದು ಕಾರ್ಖಾನೆಯ ಸುತ್ತ ಬೆಳೆದದ್ದು. ಪಾಳಿ ಮುಗಿಸಿ ಬಂದವರು ಚಹಾ ಕುಡಿದು ಮೈದಾನಕ್ಕಿಳಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕತ್ತಲಾಗಿ ಚೆಂಡು ಕಾಣದಂತಾದ ಮೇಲೂ ಆಟ ನಿಲ್ಲುತ್ತಿರಲಿಲ್ಲ, ಚೆಂಡು ಒದ್ದ ಸದ್ದಿನ ಮೇಲೆ ಓಡುತ್ತಿದ್ದರು.

ಅದೃಷ್ಟದ ಮಾತು ಬಂದಿತಲ್ಲ, ಆ ಕ್ಲಬ್ಬಿನ ಹಳೆಯ ಕಥೆಯನ್ನು ಮಕ್ಕಳಿಗೆ ಮೊದಲು ಹೇಳಿ. ಕೊನೆಯ ಗಳಿಗೆಯಲ್ಲಿ ಕೈಚೆಲ್ಲುವುದಕ್ಕೇ ಹೆಸರಾಗಿದ್ದ ತಂಡ ಅದು. 2000ನೇ ಇಸವಿಯಲ್ಲಿ ಕೊನೆಯ ಪಂದ್ಯದಲ್ಲಿ ಬರೀ ಒಂದು ಡ್ರಾ ಸಾಕಿತ್ತು; ಉಂಟರ್‌ಹಾಖಿಂಗ್ ಎಂಬ ಸಣ್ಣ ಕ್ಲಬ್ಬಿನ ಎದುರು 0-2 ಸೋತು ಪ್ರಶಸ್ತಿ ಕಳೆದುಕೊಂಡರು, ಅದರಲ್ಲೊಂದು ಮೈಕಲ್ ಬಾಲಾಕ್ ತಮ್ಮದೇ ಬಲೆಗೆ ಹಾಕಿದ ಗೋಲು. 2002ರಲ್ಲಂತೂ ಮೂರು ಪಂದ್ಯ ಬಾಕಿಯಿರುವಾಗ ಐದು ಅಂಕ ಮುಂದಿದ್ದವರು ಲೀಗ್ ಬಿಟ್ಟುಕೊಟ್ಟರು, ಜರ್ಮನ್ ಕಪ್ ಫೈನಲ್‌ನಲ್ಲಿ ಶಾಲ್ಕೆಗೆ 2-4 ಸೋತರು, ಗ್ಲಾಸ್ಗೊದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 1-2 ಸೋತರು. ಮೇಲಿನಿಂದ ಇಳಿದು ಬಂದ ಚೆಂಡನ್ನು ಜಿದಾನ್ ಎಡಗಾಲಿನಿಂದ ಹೊಡೆದ ಆ ಗೋಲನ್ನು ನೋಡದ ಫುಟ್‌ಬಾಲ್ ಪ್ರಿಯರಿಲ್ಲ. ಅದು ಬಿದ್ದದ್ದು ಇದೇ ಲೆವರ್ಕುಸೆನ್ ಬಲೆಗೆ. ‘ನೆವರ್‌ಕುಸೆನ್’ ಎಂಬ ಅಡ್ಡಹೆಸರು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅವರ ಬೆನ್ನು ಬಿಡಲಿಲ್ಲ. ಕ್ಲಬ್ಬಿನ ಕಪಾಟಿನಲ್ಲಿದ್ದ ದೊಡ್ಡ ಪ್ರಶಸ್ತಿಗಳು ಎರಡೇ, 1988ರ ಯುಇಎಫ್ಎ ಕಪ್ ಮತ್ತು 1993ರ ಜರ್ಮನ್ ಕಪ್. ಹಣೆಬರಹವೇ ಹೀಗೆ ಎಂದು ಕೈಕಟ್ಟಿ ಕೂತಿದ್ದರೆ 2024 ಬರುತ್ತಿರಲಿಲ್ಲ.

ಶಾಬಿ ಅಲೊನ್ಸೊ 2022ರ ಅಕ್ಟೋಬರ್‌ನಲ್ಲಿ ಕೋಚ್ ಆಗಿ ಬಂದಾಗ ತಂಡ 18ರಲ್ಲಿ 17ನೇ ಸ್ಥಾನದಲ್ಲಿತ್ತು. ಆ ಋತುವನ್ನು ಆರನೇ ಸ್ಥಾನಕ್ಕೆ ತಂದು ಮುಗಿಸಿದರು. ಮರುವರ್ಷ ಕೊಂಡ ಆಟಗಾರರನ್ನು ನೋಡಿ. ಆರ್ಸೆನಲ್‌ನಿಂದ ಗ್ರಾನಿಟ್ ಜಾಕಾ, ಬೆನ್ಫಿಕಾದಿಂದ ವರ್ಗಾವಣೆ ಶುಲ್ಕವಿಲ್ಲದೆ ಗ್ರಿಮಾಲ್ಡೊ, ಬೆಲ್ಜಿಯಂನಿಂದ ಬೊನಿಫೇಸ್, ಪಕ್ಕದ ಊರಿನ ಗ್ಲಾಡ್‌ಬಾಖ್‌ನಿಂದ ಹಾಫ್ಮನ್. ಬಯರ್ನ್‌ನಲ್ಲಿ ಜಾಗ ಸಿಗದ ಸ್ಟಾನಿಶಿಚ್‌ರನ್ನು ಎರವಲು ತಂದರು, ಅವರೇ ಫೆಬ್ರುವರಿಯಲ್ಲಿ ಬಯರ್ನ್ ವಿರುದ್ಧದ 3-0 ಗೆಲುವಿನ ಮೊದಲ ಗೋಲು ಹೊಡೆದರು. ನನ್ನ ಮಟ್ಟಿಗೆ ಇಡೀ ಋತುವಿನ ಬೆನ್ನೆಲುಬು ಜಾಕಾ. ತಂಡ ಹಿಂದಿದ್ದರೂ ಆತ ಗಾಬರಿಯಿಂದ ಒಂದು ಚೆಂಡನ್ನೂ ಎಸೆದದ್ದನ್ನು ನಾನು ಕಾಣಲಿಲ್ಲ. ಕೈಯಲ್ಲಿ ಸನ್ನೆ ಮಾಡಿ ಎಲ್ಲರನ್ನೂ ಅವರವರ ಜಾಗಕ್ಕೆ ಕಳಿಸಿ ಮತ್ತೆ ಮೊದಲಿನಿಂದ ಪಾಸ್ ಆರಂಭಿಸುತ್ತಿದ್ದರು.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಇದೆ. ಆ ತಂಡ 90ನೇ ನಿಮಿಷದಲ್ಲಿ ಆಡುತ್ತಿದ್ದದ್ದು 10ನೇ ನಿಮಿಷದ ಆಟವನ್ನೇ. ಎರಡು ಅಂಚುಗಳಲ್ಲಿ ಗ್ರಿಮಾಲ್ಡೊ ಮತ್ತು ಫ್ರಿಂಪಾಂಗ್ ಮೈದಾನವನ್ನು ಹಿಗ್ಗಿಸುತ್ತಿದ್ದರು, ನಡುವಿನ ಸಂದುಗಳಲ್ಲಿ ವಿರ್ಟ್ಸ್ ಓಡಾಡುತ್ತಿದ್ದರು, ಚೆಂಡು ಒಂದೂವರೆ ಗಂಟೆ ಅತ್ತಿಂದಿತ್ತ ತಿರುಗುತ್ತಲೇ ಇರುತ್ತಿತ್ತು. ಎದುರಾಳಿಗಳು ಚೆಂಡಿನ ಹಿಂದೆ ಓಡಿ ಓಡಿ ಬಸವಳಿದು ಕೊನೆಗೆ ತಮ್ಮ ಗೋಲಿನ ಮುಂದೆ ಗುಂಪಾಗಿ ನಿಂತುಬಿಡುತ್ತಿದ್ದರು. ಆಗ ತಪ್ಪು ಆಗಿಯೇ ತೀರುತ್ತದೆ. ಹೊಳೆಯ ನೀರು ದಂಡೆಯ ಬುಡವನ್ನು ಇಡೀ ಮಳೆಗಾಲ ಕೊರೆಯುತ್ತದೆ, ದಂಡೆ ಕುಸಿಯುವುದು ಮಾತ್ರ ಒಂದು ಗಳಿಗೆಯಲ್ಲಿ.

ವರದಾಮೂಲ, ಸಾಗರ

ನಮಸ್ಕಾರ ಸರ್. ನಾನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಹಾಸ್ಟೆಲ್ ತಂಡದಲ್ಲಿ ಎಡ ಅಂಚಿನಲ್ಲಿ ಆಡುತ್ತೇನೆ. ಭದ್ರಾವತಿಯ ಹಿರಿಯರು ಹೇಳಿದ್ದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ, ಆದರೆ ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಅದೃಷ್ಟವನ್ನು ಪೂರ್ತಿಯಾಗಿ ತಳ್ಳಿಹಾಕಿ ಮಕ್ಕಳಿಗೆ ಹೇಳಿದರೆ ಅದು ಪೂರ್ಣ ಸತ್ಯವಾಗುವುದಿಲ್ಲ. ಕರಬಾಗ್ ವಿರುದ್ಧದ ಆ ಪಂದ್ಯದಲ್ಲಿ 63ನೇ ನಿಮಿಷಕ್ಕೆ ಎದುರಾಳಿಯೊಬ್ಬರಿಗೆ ಕೆಂಪು ಕಾರ್ಡ್ ಸಿಕ್ಕಿತ್ತು. ಲೆವರ್ಕುಸೆನ್‌ನ ಮೂರೂ ಗೋಲು ಬಂದದ್ದು ಹತ್ತು ಮಂದಿಯ ಎದುರು. ರೋಮಾ ಪಂದ್ಯದಲ್ಲಿ ಲೆವರ್ಕುಸೆನ್‌ಗೆ ಸಿಕ್ಕ ಮೊದಲ ಗೋಲು ರೋಮಾದ ಮಂಚಿನಿಯವರ ಮೈಗೆ ತಾಗಿ ಅವರದೇ ಬಲೆ ಸೇರಿದ್ದು. ಬಯರ್ನ್ ವಿರುದ್ಧ 94ನೇ ನಿಮಿಷದ ಪೆನಾಲ್ಟಿಯನ್ನು ರೆಫರಿ ಕೊಟ್ಟಿರದಿದ್ದರೆ ಸೋಲಿಲ್ಲದ ಋತು ಸೆಪ್ಟೆಂಬರ್‌ನಲ್ಲೇ ಮುಗಿಯುತ್ತಿತ್ತು. ಇವನ್ನೂ ಮಕ್ಕಳ ಮುಂದೆ ಇಡಬೇಕು ಎಂಬುದು ನನ್ನ ಕೋರಿಕೆ.

ಆದರೆ ರೋಮಾ ಪಂದ್ಯದಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. ಮೊದಲ ಸುತ್ತಿನಲ್ಲಿ ರೋಮ್‌ನಲ್ಲಿ ಲೆವರ್ಕುಸೆನ್ 2-0 ಗೆದ್ದಿತ್ತು. ಆದ್ದರಿಂದ 82ನೇ ನಿಮಿಷದ ಆ ಸ್ವಂತ ಗೋಲು ಬಿದ್ದಾಗಲೇ ಎರಡೂ ಸುತ್ತುಗಳ ಗೋಲು ಕೂಡಿಸಿದ ಒಟ್ಟು ಲೆಕ್ಕದಲ್ಲಿ ಅವರು ಮುಂದಾಗಿದ್ದರು. ಫೈನಲ್‌ಗೆ ಹೋಗಲು ಇನ್ನೊಂದು ಗೋಲು ಬೇಕೇ ಇರಲಿಲ್ಲ. ಮೂಲೆಯಲ್ಲಿ ಚೆಂಡು ಇಟ್ಟುಕೊಂಡು ಸಮಯ ಕಳೆದಿದ್ದರೂ ಸಾಕಿತ್ತು. ಹಾಗಿದ್ದರೂ ಆ ಪಂದ್ಯವನ್ನು ಸೋಲಬಾರದೆಂದು ಮುನ್ನುಗ್ಗಿದರು. ಬಲ ಅಂಚಿನಿಂದ ಸ್ಟಾನಿಶಿಚ್ ಒಳನುಗ್ಗಿ ಹೊಡೆದಾಗ 97ನೇ ನಿಮಿಷ. ಆ ಡ್ರಾದಿಂದ ಸೋಲಿಲ್ಲದ ಪಂದ್ಯಗಳ ಸಂಖ್ಯೆ 49 ಆಯಿತು, 1963ರಿಂದ 1965ರವರೆಗೆ ಬೆನ್ಫಿಕಾ ಮಾಡಿದ್ದ 48ರ ದಾಖಲೆ ಮುರಿಯಿತು. ಇದನ್ನು ಅದೃಷ್ಟದ ಪಟ್ಟಿಗೆ ಸೇರಿಸಲು ನನಗೂ ಮನಸ್ಸು ಬಾರದು.

ಇನ್ನು ಡಬ್ಲಿನ್. ಆ ರಾತ್ರಿ ನಮ್ಮ ಹಾಸ್ಟೆಲ್‌ನಲ್ಲಿ ಗುಡುಗು ಮಳೆಗೆ ಕರೆಂಟು ಹೋಗಿ ಎಂಟು ಮಂದಿ ಒಂದೇ ಮೊಬೈಲಿಗೆ ಮುಖ ಚಾಚಿ ಕೂತಿದ್ದೆವು. ಕೋಚ್ ಗ್ಯಾಸ್ಪೆರಿನಿಯವರ ಅಟಲಾಂಟಾ ಮೈದಾನದ ಉದ್ದಕ್ಕೂ ಒಬ್ಬನಿಗೆ ಒಬ್ಬನೆಂದು ಬೆನ್ನು ಹತ್ತಿತ್ತು. ಜಾಕಾ ತಿರುಗುವ ಮೊದಲೇ ಒಬ್ಬ, ವಿರ್ಟ್ಸ್ ಚೆಂಡು ಮುಟ್ಟುವ ಮೊದಲೇ ಇನ್ನೊಬ್ಬ. ಅಲೊನ್ಸೊ ಆರಂಭದಲ್ಲಿ ಶಿಕ್ ಅಥವಾ ಬೊನಿಫೇಸ್ ಇಬ್ಬರನ್ನೂ ಆಡಿಸದೆ ಆಡ್ಲಿಯವರನ್ನು ಮುಂದೆ ನಿಲ್ಲಿಸಿದ್ದರು. ಉದ್ದ ಚೆಂಡು ಕಳಿಸಿದರೆ ಹಿಡಿದು ನಿಲ್ಲಿಸಬಲ್ಲ ಎತ್ತರದ ಫಾರ್ವರ್ಡ್ ಇರಲಿಲ್ಲ. ಅಡೆಮೊಲಾ ಲುಕ್ಮನ್ 12ನೇ ನಿಮಿಷದಲ್ಲಿ ಪಲಾಸಿಯೊಸ್ ಬೆನ್ನ ಹಿಂದಿನಿಂದ ಓಡಿ ಬಂದು ಒಂದು ಹೊಡೆದರು, 26ನೇ ನಿಮಿಷದಲ್ಲಿ ಇನ್ನೊಂದು, 75ನೇ ನಿಮಿಷದಲ್ಲಿ ಮೂರನೆಯದು. ಬೊನಿಫೇಸ್ ವಿರಾಮದ ನಂತರ ಬಂದರೂ ಆಟ ಬದಲಾಗಲಿಲ್ಲ. ಹಿರಿಯರು ಹೊಳೆ ದಂಡೆಯ ಮಾತು ಹೇಳಿದರಲ್ಲ, ಅಂದು ನೀರು ದಂಡೆಯವರೆಗೆ ಬರಲೇ ಇಲ್ಲ. ಚೆಂಡನ್ನು ತಿರುಗಿಸಿ ಎದುರಾಳಿಯನ್ನು ದಣಿಸುವ ಆಟಕ್ಕೆ ಮೊದಲು ಚೆಂಡು ಸಿಗಬೇಕು. ಅಟಲಾಂಟಾ ಅದನ್ನೇ ಕೊಡಲಿಲ್ಲ.

ತುಂಗಾತೀರ, ತೀರ್ಥಹಳ್ಳಿ

ಇಬ್ಬರಿಗೂ ಧನ್ಯವಾದ. ರೋಮಾ ಪಂದ್ಯದ ಆ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಮಲಗಿಬಿಟ್ಟದ್ದಕ್ಕೆ ಈಗ ನಿಜವಾಗಿಯೂ ಹೊಟ್ಟೆ ಉರಿಯುತ್ತಿದೆ. ಸಾಗರದ ತಮ್ಮ ಹೇಳಿದ ಕೆಂಪು ಕಾರ್ಡಿನ ವಿಷಯ ನ್ಯಾಯವಾದದ್ದು, ಅದನ್ನು ಮಕ್ಕಳಿಂದ ಮುಚ್ಚಿಡುವುದಿಲ್ಲ. ಒಂದು ಸಂಶಯ ಉಳಿದಿದೆ. ನಮ್ಮ ಶಾಲೆಯ ತಂಡದಲ್ಲಿ ಹನ್ನೊಂದು ಮಂದಿ ಚೆನ್ನಾಗಿ ಆಡುತ್ತಾರೆ, ಮಿಕ್ಕ ಐವರು ಅಂಚಿನಲ್ಲಿ ಕೂತು ನೀರಿನ ಬಾಟಲಿ ಕಾಯುತ್ತಾರೆ. ಅಂಥ ತಂಡಕ್ಕೆ ಲೆವರ್ಕುಸೆನ್ ಹೇಗೆ ಮಾದರಿಯಾದೀತು?

ಹಿನ್ನೀರು, ಹೊಸನಗರ

ಮೇಷ್ಟ್ರೇ, ಕೂತ ಆ ಐವರ ಬಗ್ಗೆ ನೀವು ಕೇಳಿದ್ದಕ್ಕಾಗಿಯೇ ಬರೆಯುತ್ತಿದ್ದೇನೆ. ನಾನು ಕಾಲೇಜು ತಂಡದ ಎರಡನೇ ಗೋಲ್‌ಕೀಪರ್ ಆಗಿದ್ದವಳು, ಈಗ ಹೊಸನಗರದ ಕಡೆ ಹೆಣ್ಣುಮಕ್ಕಳ ತಂಡವೊಂದಕ್ಕೆ ಸಂಜೆ ಹೊತ್ತು ತರಬೇತಿ ಕೊಡುತ್ತೇನೆ. ಎರಡು ವರ್ಷ ಬೆಂಚಿನ ಮೇಲೆ ಕೂತವಳಿಗೆ ಆ ಬೆಂಚು ಎಷ್ಟು ತಣ್ಣಗಿರುತ್ತದೆಂದು ಗೊತ್ತು.

ಲೆವರ್ಕುಸೆನ್‌ನ ಆ ಋತುವಿನಲ್ಲಿ ನಾನು ಮೊದಲು ನೋಡುವುದು ಬೆಂಚನ್ನೇ. ಲೀಗ್ ಪಂದ್ಯಗಳಲ್ಲಿ ನಾಯಕ ಹ್ರಾಡೆಟ್ಸ್ಕಿ ಗೋಲು ಕಾದರೆ ಯುರೋಪಾ ಲೀಗ್‌ನಲ್ಲಿ ಹೆಚ್ಚಾಗಿ ಕೊವಾರ್ಷ್‌ಗೆ ಅವಕಾಶ ಸಿಕ್ಕಿತು. ಬೊನಿಫೇಸ್ ಜನವರಿಯಲ್ಲಿ ಗಾಯಗೊಂಡು ಏಪ್ರಿಲ್‌ವರೆಗೆ ಹೊರಗುಳಿದರು. ಅದೇ ಜನವರಿಯಲ್ಲಿ ಆಫ್ರಿಕಾ ಕಪ್‌ಗಾಗಿ ಟಾಪ್ಸೊಬಾ, ಕೊಸ್ಸೊನು, ಆಡ್ಲಿ ಮೂವರೂ ತಮ್ಮ ತಮ್ಮ ದೇಶದ ತಂಡಗಳಿಗೆ ಹೋದರು. ಮುಖ್ಯ ಫಾರ್ವರ್ಡ್ ಮತ್ತು ಇಬ್ಬರು ಡಿಫೆಂಡರ್‌ಗಳಿಲ್ಲದೆ ಲೈಪ್ಜಿಗ್‌ನಲ್ಲಿ 3-2 ಗೆದ್ದರು, ಗೆಲುವಿನ ಗೋಲು ಇಂಕಾಪಿಯೆ ಅವರದು. ವೆಸ್ಟ್ ಹ್ಯಾಮ್ ವಿರುದ್ಧದ ಕ್ವಾರ್ಟರ್‌ಫೈನಲ್‌ನ ಮೊದಲ ಸುತ್ತಿನಲ್ಲಿ 80 ನಿಮಿಷ ದಾಟಿದರೂ ಗೋಲಿರಲಿಲ್ಲ. 83ರಲ್ಲಿ ಹಾಫ್ಮನ್, 91ರಲ್ಲಿ ಬೊನಿಫೇಸ್ ಹೊಡೆದರು. ಇಬ್ಬರೂ ಬೆಂಚಿನಿಂದ ಎದ್ದು ಬಂದವರು. ಗೋಲು ಹೊಡೆಯುವುದು ಒಬ್ಬರ ಕೆಲಸವಾಗಿರಲಿಲ್ಲ. ಲೀಗ್‌ನಲ್ಲಿ ಬೊನಿಫೇಸ್ 14, ವಿರ್ಟ್ಸ್ 11, ಎಡ ಅಂಚಿನ ಡಿಫೆಂಡರ್ ಎನ್ನಬಹುದಾದ ಗ್ರಿಮಾಲ್ಡೊ 10, ಬಲ ಅಂಚಿನ ಫ್ರಿಂಪಾಂಗ್ 9. ಎದುರಾಳಿಗಳು ಯಾರನ್ನೆಂದು ಕಟ್ಟಿಹಾಕುತ್ತಾರೆ?

ಕೊನೆಯ ನಿಮಿಷದಲ್ಲಿ ಮೈದಾನಕ್ಕೆ ಬರುವವನಿಗೆ ತಂಡದ ಆಟ ಬಾಯಿಪಾಠವಾಗಿರಬೇಕು, ಇಲ್ಲವಾದರೆ ಬಂದವನು ಹೊರಗಿನವನಾಗಿಯೇ ಉಳಿಯುತ್ತಾನೆ. ಅದಕ್ಕಾಗಿ ನಾನು ನಮ್ಮ ಹುಡುಗಿಯರಲ್ಲಿ ಒಂದು ಪದ್ಧತಿ ಮಾಡಿದ್ದೇನೆ. ವಾರದಲ್ಲಿ ಎರಡು ಸಂಜೆ, ಆಟದ ಕೊನೆಯ ಹತ್ತು ನಿಮಿಷ, ಬೆಂಚಿನ ಐವರೂ ಒಳಗೆ ಇರಲೇಬೇಕು ಮತ್ತು ಅವರ ತಂಡ ಒಂದು ಗೋಲು ಹಿಂದಿದೆ ಎಂದೇ ಲೆಕ್ಕ. ಚೆಂಡನ್ನು ಗಾಳಿಗೆ ತೂರಿ ಒದೆಯುವಂತಿಲ್ಲ. ಕನಿಷ್ಠ ಐದು ಪಾಸ್ ಆದ ಮೇಲೆಯೇ ಗೋಲಿಗೆ ಹೊಡೆಯಬೇಕು. ಮೊದಲ ತಿಂಗಳು ಬರೀ ಗದ್ದಲ, ಒಬ್ಬರ ಕಾಲು ಇನ್ನೊಬ್ಬರ ಮೇಲೆ. ಅಡಿಕೆ ಸುಲಿಯುವ ಕೆಲಸದಿಂದ ನೇರ ಬರುವ ಒಬ್ಬ ಹುಡುಗಿಯಿದ್ದಾಳೆ, ಬೆರಳುಗಳು ಚೊಗರಿಗೆ ಕಪ್ಪಾಗಿರುತ್ತವೆ. ತಾನು ಬೆಂಚಿನವಳು ಎಂದು ಮೊದಲೆಲ್ಲ ಚೆಂಡು ಬಂದ ಕೂಡಲೇ ಯಾರಿಗಾದರೂ ದಾಟಿಸಿ ಕೈತೊಳೆದುಕೊಳ್ಳುತ್ತಿದ್ದಳು. ಈಗ ಅವಳು ಚೆಂಡಿನ ಮೇಲೆ ಕಾಲಿಟ್ಟು ತಲೆಯೆತ್ತಿ ನೋಡುತ್ತಾಳೆ. ಆ ಒಂದು ಕ್ಷಣದ ನಿಲುಗಡೆ ಕಲಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಡಬ್ಲಿನ್ ಬಗ್ಗೆ ಸಾಗರದವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಋತು ಅಲ್ಲಿಗೆ ಮುಗಿದಿರಲಿಲ್ಲ. ಮೂರೇ ದಿನಗಳ ನಂತರ, ಮೇ 25ರಂದು ಬರ್ಲಿನ್‌ನಲ್ಲಿ ಜರ್ಮನ್ ಕಪ್ ಫೈನಲ್ ಇತ್ತು, ಎದುರಿಗೆ ಎರಡನೇ ದರ್ಜೆಯ ಕೈಸರ್ಸ್‌ಲೌಟರ್ನ್. 51 ಪಂದ್ಯಗಳ ಓಟ ಮುರಿದ ಬೇಸರ, ಕಾಲಲ್ಲಿ ಸುಸ್ತು. 17ನೇ ನಿಮಿಷದಲ್ಲಿ ಜಾಕಾ ದೂರದಿಂದ ಎಡಗಾಲಿನಲ್ಲಿ ಹೊಡೆದ ಗೋಲು. 44ನೇ ನಿಮಿಷದಲ್ಲಿ ಕೊಸ್ಸೊನು ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. ದ್ವಿತೀಯಾರ್ಧ ಪೂರ್ತಿ ಹತ್ತೇ ಮಂದಿ 1-0 ಅನ್ನು ಕಾಯ್ದುಕೊಂಡರು. ಗೋಲು ಕಾಯುವವಳಾಗಿ ಹೇಳುತ್ತೇನೆ, ಆ 45 ನಿಮಿಷಗಳಿಗೆ ನಾನು ಐದು ಗೋಲುಗಳ ಗೆಲುವಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ನಿಮ್ಮ ಹುಡುಗರು ಮುಂದಿದ್ದು ಸೋತವರಲ್ಲವೇ? ಅವರಿಗೆ ತೋರಿಸಬೇಕಾದ ಪಂದ್ಯ ಇದು.

ಹಳೇ ಕ್ವಾರ್ಟರ್ಸ್, ಭದ್ರಾವತಿ

ಹೊಸನಗರದ ತಂಗಿಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಸಾಗರದ ತಮ್ಮನಿಗೂ ಹೇಳುತ್ತೇನೆ, ಡಬ್ಲಿನ್‌ನಲ್ಲಿ ಅಟಲಾಂಟಾ ಆಡಿದ ಆಟ ಗೌರವಕ್ಕೆ ತಕ್ಕದ್ದು. 1963ರ ಇಟಲಿ ಕಪ್ ಬಿಟ್ಟರೆ ಬೇರೆ ದೊಡ್ಡ ಪ್ರಶಸ್ತಿ ಕಾಣದಿದ್ದ ಕ್ಲಬ್ ಅದು, ಆ ರಾತ್ರಿ ಅವರಿಗೂ ಸಲ್ಲಬೇಕಾದದ್ದೇ. ಅದಕ್ಕಿಂತ ಐದು ವಾರ ಮೊದಲು, ಏಪ್ರಿಲ್ 14ರ ಭಾನುವಾರ, ವೆರ್ಡರ್ ಬ್ರೆಮೆನ್ ವಿರುದ್ಧ 5-0 ಗೆದ್ದು ಲೆವರ್ಕುಸೆನ್ ಲೀಗ್ ಗಿಟ್ಟಿಸಿದಾಗ ಇನ್ನೂ ಐದು ಪಂದ್ಯ ಬಾಕಿಯಿದ್ದವು. ನಮಗೆ ರಾತ್ರಿ ಒಂಬತ್ತಕ್ಕೆ ಪಂದ್ಯ. ವಿರ್ಟ್ಸ್ ತಮ್ಮ ಮೂರನೇ ಗೋಲು ಹೊಡೆದ ಕೂಡಲೇ ಜನ ಮೈದಾನಕ್ಕೆ ನುಗ್ಗಿದರು, ಹುಲ್ಲು ಕಾಣಲಿಲ್ಲ. ಬಿಳಿ ಗಡ್ಡದ ಒಬ್ಬ ಮುದುಕ ಗೋಲು ಕಂಬವನ್ನು ತಬ್ಬಿ ನಿಂತಿದ್ದ. 2000 ಮತ್ತು 2002 ಎರಡನ್ನೂ ಕಂಡ ಜೀವವಿರಬೇಕು ಎಂದು ನಾನು ಎಣಿಸಿದೆ. ಅದನ್ನು ನೋಡುತ್ತ ನನಗೆ ನಮ್ಮಪ್ಪ ನೆನಪಾದರು.

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಮತ್ತೊಮ್ಮೆ ಧನ್ಯವಾದ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಎರಡು ಪಂದ್ಯಗಳ ತುಣುಕುಗಳನ್ನು ತೋರಿಸುತ್ತೇನೆ: ರೋಮಾ ವಿರುದ್ಧದ ಕೊನೆಯ ಹದಿನೈದು ನಿಮಿಷ, ಬರ್ಲಿನ್‌ನ ದ್ವಿತೀಯಾರ್ಧ. ಕರಬಾಗ್ ಪಂದ್ಯದ ಕೆಂಪು ಕಾರ್ಡನ್ನೂ ಹೇಳುತ್ತೇನೆ. ಹೊಸನಗರದ ಮೇಡಂ ಹೇಳಿದ ಹತ್ತು ನಿಮಿಷದ ಪದ್ಧತಿಯನ್ನು ಸೋಮವಾರದಿಂದಲೇ ಆರಂಭಿಸುವುದೆಂದು ನಿಶ್ಚಯಿಸಿದ್ದೇನೆ, ಆದರೆ ನಮ್ಮಲ್ಲಿ ಅದನ್ನು ಸ್ವಲ್ಪ ತಿರುಗಿಸಬೇಕು: ನಮ್ಮವರು ಒಂದು ಗೋಲು ಮುಂದಿದ್ದಾರೆ ಎಂಬ ಲೆಕ್ಕದಲ್ಲಿ, ಗೋಲಿನ ಮುಂದಿನ ಅದೇ ಕೆಸರಿನಲ್ಲಿ. ಚೆಂಡು ಹೂತು ನಿಂತಾಗ ಹತ್ತಿರವಿದ್ದವನು ‘ನನ್ನದು’ ಎಂದು ಕೂಗಿ ಒದೆಯಬೇಕು. ಕೂಗದೆ ನಿಂತವನು ಮೈದಾನಕ್ಕೆ ಒಂದು ಸುತ್ತು ಓಡಬೇಕು. ಈ ವಿಷಯವನ್ನು ನಿನ್ನೆಯೇ ನಮ್ಮ ನಾಯಕನಿಗೆ ತಿಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೆಂಚಿನವರನ್ನೂ ಸೇರಿಸಿಕೊಳ್ಳೋಣ ಸರ್, ಅವರಲ್ಲಿ ಒಬ್ಬ ನನಗಿಂತ ಜೋರಾಗಿ ಕೂಗುತ್ತಾನೆ’ ಎಂದ.